ಮಂಡಿಯೆತ್ತರದ ಗೆರೆ

ತೊರೆಕೊಪ್ಪಲಿನ ಐವತ್ತೆಂಟು ಮನೆಗಳ ಗೋಡೆಗೆ ಕೆಂಪು ಗೆರೆ ಎಳೆದವನು ನಾನೇ. ಆ ಗೆರೆ ನೋಡಿಯೇ ಜನ ಊರು ಬಿಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈಗ ತಾಲ್ಲೂಕು ಕೇಂದ್ರ ಎಡತೊರೆಯ ಕಡೆಯವರು ಈ ಸಂಗತಿ ಬಂದಾಗಲೆಲ್ಲ ಮುದುಕರ ಮೊಂಡುತನ, ಹಳ್ಳಿಯವರ ದಡ್ಡತನ ಎಂದು ತಲೆ ಅಲ್ಲಾಡಿಸುತ್ತಾರೆ. ಕೇಳಿದರೆ ಮೈ ಉರಿಯುತ್ತದೆ. ಅವರು ನನ್ನ ಗೆರೆಯನ್ನು ಸರಿಯಾಗಿಯೇ ಓದಿದರು. ಬರೆದವನಿಗೆ ಬರೆಯಲು ಬರುತ್ತಿರಲಿಲ್ಲ.

ನನ್ನ ಹೆಸರು ಚೆಲುವಯ್ಯ, ಊರು ಸಾಲಿಗ್ರಾಮ. ಅಪ್ಪ ದೇವಸ್ಥಾನದ ಗೋಡೆಗಳಿಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿಯುತ್ತಿದ್ದ. ನಾನು ನಾಲ್ಕನೇ ಕ್ಲಾಸಿನವರೆಗೆ ಓದಿ ಅಂಗಡಿಗಳ ಬೋರ್ಡು ಬರೆಯಲು ಕೈ ಹಚ್ಚಿದೆ. ಅಕ್ಷರ ದುಂಡಗಿದ್ದವು, ಆ ಬಗ್ಗೆ ಜಂಬವೂ ಇತ್ತು. ಅವ್ವ ಸತ್ತಾಗ ನನಗೆ ಮೂರು ವರ್ಷ. ಅಲ್ಲಿಂದ ಸಾಕಿದವಳು ಅಕ್ಕ ಸಣ್ಣತಾಯಮ್ಮ. ಅವಳನ್ನು ತೊರೆಕೊಪ್ಪಲಿಗೆ ಮದುವೆ ಮಾಡಿ ಕೊಟ್ಟಾಗ ನಾನೂ ಅವಳ ಸೆರಗು ಹಿಡಿದು ಹೋಗಿ ಎರಡು ವರ್ಷ ಅಲ್ಲೇ ಉಂಡವನು. ಭಾವ ತೀರಿಕೊಂಡ ಮೇಲೆ ಅವಳೂ ಮಗ ಮಾದೇವನೂ ಸೊಸೆಯೂ ಆ ಮನೆಯಲ್ಲಿದ್ದರು. ಊರು ಕಾವೇರಿಯ ದಡದಲ್ಲಿ, ಒಂದು ದಿಣ್ಣೆಯ ಮೇಲೆ ಇತ್ತು.

ಕನ್ನಂಬಾಡಿ ಕಟ್ಟೆ ಮೇಲೇರುತ್ತಿದ್ದ ಕಾಲ ಅದು. ಕಟ್ಟೆ ಏರಿದಷ್ಟೂ ಅದರ ಹಿಂದಿನ ನೀರು ನಮ್ಮ ತಾಲ್ಲೂಕಿನೊಳಕ್ಕೆ ಸರಿದು ಬರುತ್ತಿತ್ತು. ಮುಂದಿನ ಮಳೆಗಾಲಕ್ಕೆ ತೊರೆಕೊಪ್ಪಲು ಮುಳುಗುತ್ತದೆ, ಎಲ್ಲರೂ ಸಾಲಿಗ್ರಾಮದ ಕಡೆಯ ಎತ್ತರದ ಬೋರೆಯ ಮೇಲೆ ಹಾಕಿಕೊಟ್ಟಿರುವ ಹೊಸ ಊರಿಗೆ ಹೋಗಬೇಕು ಎಂದು ಚಾವಡಿಗೆ ಅಚ್ಚಾದ ಕಾಗದ ಅಂಟಿಸಿದರು. ಜಲಾವೃತ, ಸ್ಥಳಾಂತರ, ತತ್ಸಂಬಂಧವಾಗಿ ಎಂದೆಲ್ಲ ಇತ್ತು. ಶಾನುಭೋಗರು ಗಟ್ಟಿಯಾಗಿ ಓದಿದರು. ಜನ ಗಂಭೀರವಾಗಿ ಕೇಳಿಸಿಕೊಂಡು ಹೊಲಕ್ಕೆ ಹೋದರು. ಮಾರನೆಯ ದಿನ ಆ ಕಾಗದದ ಅರ್ಧವನ್ನು ಆಡು ತಿಂದಿತ್ತು.

ಅಳತೆಗೆ ಬಂದಿದ್ದ ಓವರ್ಸೀಯರಿಗೆ ನಾನೇ ಹೋಗಿ ಹೇಳಿದೆ. ಸ್ವಾಮಿ, ಇಲ್ಲಿ ಓದು ಬಲ್ಲವರು ನಾಲ್ಕೇ ಜನ, ನೀರು ಎಲ್ಲಿಗೆ ಬರುತ್ತದೆಂದು ಮನೆಮನೆಯ ಗೋಡೆಯ ಮೇಲೆ ಗೆರೆ ಎಳೆದುಬಿಡೋಣ, ಅಕ್ಷರ ಬರದವರಿಗೂ ಗೆರೆ ಅರ್ಥವಾಗುತ್ತದೆ ಎಂದೆ. ಅವರು ಒಳ್ಳೆಯವರು, ಮೆಚ್ಚಿಕೊಂಡರು. ಅವರ ಆಳುಗಳು ದುರ್ಬೀನು ಇಟ್ಟು ಪ್ರತಿ ಗೋಡೆಗೂ ಮೊಳೆ ಹೊಡೆದು ಮಟ್ಟ ಗುರುತಿಸಿದರು. ನಾನು ದಾರವನ್ನು ಕೆಮ್ಮಣ್ಣಿನಲ್ಲಿ ಅದ್ದಿ, ಎಳೆದು ಬಿಗಿದು, ಚಟ್ಟನೆ ಬಿಟ್ಟು ಗೆರೆ ಮೂಡಿಸಿ, ಮೇಲೆ ನಾಲ್ಕು ಬೆರಳಗಲ ಬಣ್ಣ ತುಂಬಿದೆ. ಫಾಲ್ಗುಣದಲ್ಲಿ ಹದಿನಾರು ದಿನ ಆ ಕೆಲಸ ಮಾಡಿದೆ. ಅಷ್ಟು ನೇರವಾದ ಗೆರೆಯನ್ನು ನಾನು ಅದಕ್ಕೆ ಮುಂಚೆಯೂ ಎಳೆದಿರಲಿಲ್ಲ, ಆಮೇಲೂ ಎಳೆದಿಲ್ಲ.

ಅಕ್ಕನ ಮನೆಗೆ ಗೆರೆ ಮಂಡಿಯೆತ್ತರಕ್ಕೆ ಬಂತು. ದಿಣ್ಣೆಯ ಮೇಲಿನ ಹೆಚ್ಚಿನ ಮನೆಗಳಿಗೆಲ್ಲ ಅಷ್ಟೇ; ತಗ್ಗಿನ ಹತ್ತು ಹನ್ನೆರಡು ಮನೆಗಳಿಗೆ ಮಾತ್ರ ಎದೆಯುದ್ದ. ಬಣ್ಣ ಒಣಗುವ ಮೊದಲೇ ಅಕ್ಕ ಹೊರಗೆ ಬಂದು, ಸೀರೆ ಸ್ವಲ್ಪ ಎತ್ತಿ ಗೆರೆಯ ಪಕ್ಕ ಕಾಲಿಟ್ಟು ನೋಡಿಕೊಂಡಳು. ಅವಳ ಮುಖದಲ್ಲಿ ಒಂದು ನಿರಾಳ ಕಾಣಿಸಿತು.

"ಇಷ್ಟೇಯ?" ಎಂದಳು. "ನಾನೇನೋ ಮನೆ ಮುಳುಗೋಯ್ತದೆ ಅಂತ ಮೂರ್ ದಿನದಿಂದ ಕೂಳು ಬುಟ್ಟು ಕುಂತಿದ್ನಲ್ಲ."

ಪಕ್ಕದ ಮನೆಯ ಜವರಯ್ಯನಿಗೆ ಎಪ್ಪತ್ತರ ಮೇಲೆ ವಯಸ್ಸು. ಹೊಳೆಯ ವಿಷಯದಲ್ಲಿ ಊರಿಗೆಲ್ಲ ಅವನ ಮಾತೇ ಮಾತು. ಅಕ್ಕನ ಮನೆಗೂ ಅವನ ಮನೆಗೂ ನಡುವೆ ಇದ್ದುದು ಒಂದೇ ಗೋಡೆ. ಅವನು ನನ್ನ ಕೈ ಹಿಡಿದು ಹೊಳೆಕಡೆಯ ಮಂಟಪಕ್ಕೆ ಕರೆದುಕೊಂಡು ಹೋಗಿ ಕಂಬ ತೋರಿಸಿದ. ನನ್ನ ತಲೆಗಿಂತ ಮೇಲೆ ಒಂದು ಗೀಟು ಕೊರೆದಿತ್ತು. ಇಪ್ಪತ್ತನಾಲ್ಕನೇ ಇಸವಿಯ ಪ್ರವಾಹದ ಗುರುತು. ಆಗ ಊರವರೆಲ್ಲ ಅಟ್ಟ ಹತ್ತಿ ಕೂತಿದ್ದರು, ಐದನೆಯ ದಿನ ಹೊಳೆ ಇಳಿಯಿತು, ಕೆಸರು ಬಾಚಿ ಸಗಣಿ ಸಾರಿಸಿದರು, ಹೊಳೆ ಬಿಟ್ಟುಹೋದ ಗೋಡುಮಣ್ಣಿಗೆ ಆ ವರ್ಷ ಭತ್ತ ಎಂದೂ ಕಾಣದಷ್ಟು ಬೆಳೆಯಿತು.

"ಇದು ಕಾವೇರವ್ವ ಬಂದಿದ್ದ ಗುರ್ತು ಕಣಪ್ಪ," ಎಂದ ಜವರಯ್ಯ. "ನಿಂದು ಮಂಡಿಗಂಟ. ಅಷ್ಟಕ್ಕೆ ಊರು ಬುಟ್ಟೋದ್ರೆ ನೋಡ್ದೋರು ನಗಾಕಿಲ್ವಾ?"

ಅಲ್ಲಿ ನಿಂತಾಗ ನನಗೆ ಎಲ್ಲ ಹೊಳೆಯಿತು. ನನ್ನ ಗೆರೆ ನೀರು ಎಷ್ಟು ಎತ್ತರ ಬರುತ್ತದೆಂದು ಹೇಳುತ್ತಿತ್ತು. ಎಷ್ಟು ದಿನ ಇರುತ್ತದೆಂದು ಹೇಳುತ್ತಿರಲಿಲ್ಲ. ಹೊಳೆಯ ಮಕ್ಕಳಿಗೆ ನೀರು ಎಂದರೆ ಬಂದು ಹೋಗುವ ನೆಂಟರು. ಬಂದು ಝಂಡಾ ಹೂಡುವ ನೀರನ್ನು ಅವರು ಕಂಡಿರಲಿಲ್ಲ. ಅಚ್ಚಿನ ಕಾಗದವನ್ನು ಕಂಡು ಸ್ವಲ್ಪವಾದರೂ ಹೆದರಿದ್ದವರಿಗೆ ನಾನು ಹೋಗಿ ಧೈರ್ಯ ತುಂಬಿ ಬಂದಿದ್ದೆ.

ಬಾಯಲ್ಲಿ ಹೇಳಿದೆ. ಮನೆಮನೆಗೆ ಹೋಗಿ ಹೇಳಿದೆ. ಇದು ಹೊಳೆಯ ನೀರಲ್ಲ, ಕಟ್ಟೆಯ ನೀರು, ನಿಂತರೆ ನಿಂತೇ ಇರುತ್ತದೆ, ಮಣ್ಣಿನ ಗೋಡೆ ಹದಿನೈದು ದಿನ ತಡೆಯುವುದಿಲ್ಲ ಎಂದೆ. ಅವರು ಮಜ್ಜಿಗೆ ಕೊಟ್ಟರು. ಬೋರ್ಡು ಬರೆಯುವ ಚೆಲುವನಿಗೆ ನೀರಿನ ವಿಷಯ ಏನು ಗೊತ್ತು ಎಂದು ಅವರ ಮುಖದಲ್ಲಿ ಬರೆದಿತ್ತು. ಜವರಯ್ಯನ ಕಂಬದ ಮುಂದೆ ನನ್ನ ಮಾತು ನಿಲ್ಲುವ ಹಾಗಿರಲಿಲ್ಲ.

ಚೈತ್ರದಲ್ಲಿ ಮತ್ತೆ ಬಣ್ಣ ಕಲಸಿದೆ. ಗೆರೆಯ ಕೆಳಗೆ ಮೀನು ಬರೆದೆ. ಮನೆಯ ಗೋಡೆಯಲ್ಲಿ ಮೀನು ಈಜುವುದನ್ನು ಕಂಡರೆ ಎದೆ ನಡುಗಬಹುದು ಎಂದುಕೊಂಡಿದ್ದೆ. ಹೆಂಗಸರಿಗೆ ಮೀನು ಬಹಳ ಹಿಡಿಸಿದವು. ದಿಣ್ಣೆಯ ಆಚೆ ತುದಿಯ ಮಾಯಮ್ಮ ಮಗಳಿಗೆ ವೈಶಾಖದಲ್ಲಿ ಮದುವೆ ಇದೆ, ಬಾಗಿಲ ಎರಡೂ ಕಡೆ ಒಂದೊಂದು ನವಿಲನ್ನೂ ಬರೆದುಕೊಡು ಎಂದಳು. ಪಕ್ಕದ ಊರಿನವರು ಗಾಡಿ ಕಟ್ಟಿಕೊಂಡು ನೋಡಲು ಬಂದರು. ಮುಳುಗುವ ಊರನ್ನು ನಾನು ಮದುವೆ ಮನೆ ಮಾಡಿ ಇಟ್ಟೆ. ಹಣೆ ಹಣೆ ಚಚ್ಚಿಕೊಂಡೆ.

ಕೊನೆಗೆ ಚಾವಡಿಯ ಉದ್ದ ಗೋಡೆಗೆ ಪೂರ್ತಿ ಸುಣ್ಣ ಹೊಡೆದು, ಒಂದೇ ಮನೆಯನ್ನು ಹನ್ನೆರಡು ಸಲ ಬರೆದೆ. ಆಷಾಢದಿಂದ ಮುಂದಿನ ಜ್ಯೇಷ್ಠದವರೆಗೆ ತಿಂಗಳಿಗೊಂದು. ಹನ್ನೆರಡರಲ್ಲೂ ನೀರು ಮಂಡಿಯೆತ್ತರ. ಮೊದಲನೆಯದರಲ್ಲಿ ಗೋಡೆ ನೆಟ್ಟಗೆ, ಎರಡನೆಯದರಲ್ಲಿ ಬಿರುಕು, ಮೂರನೆಯದರಲ್ಲಿ ಮಾಡು ಕೆಳಗೆ, ಆಮೇಲೆ ಬರೀ ನೀರು, ಹನ್ನೆರಡರ ತನಕವೂ ನೀರು. ಕಾಲವನ್ನು ಗೋಡೆಯ ಮೇಲೆ ಹಾಸಿದ್ದೇನೆ, ಇದನ್ನು ಕಂಡವರು ಇನ್ನು ಊರಲ್ಲಿ ಉಳಿಯುವುದುಂಟೆ ಎಂದು ಬೀಗಿದೆ. ಬರೆದು ಮುಗಿದ ಸಂಜೆ ಜನ ಗುಂಪುಗೂಡಿದರು. ಎಲ್ಲರೂ ಅದನ್ನು ಒಂದು ಬೀದಿ ಎಂದು ಓದಿದರು. ಹನ್ನೆರಡು ಮನೆಯ ಬೀದಿ. ಬಿದ್ದ ಮನೆಗಳು ಯಾರವು ಎಂದು ಮಾತು ಹತ್ತಿ, ತಗ್ಗಿನ ಕೇರಿಯವರು ತಮ್ಮ ಮನೆಗಳನ್ನು ಬೇಕೆಂದೇ ಬೀಳಿಸಿ ಬರೆದಿದ್ದಾನೆಂದು ನನ್ನ ಮೇಲೆ ಹರಿಹಾಯ್ದರು. ಅಕ್ಕ ಮಾತ್ರ ಮೊದಲನೆಯ ಮನೆಯ ಮೇಲೆ ಬೆರಳಿಟ್ಟು, ಇದು ನಮ್ಮದು, ನೋಡು ಹೇಗೆ ನಿಂತಿದೆ ಎಂದಳು.

ಹಾಗೆಂದು ಯಾರೂ ಹೋಗಲಿಲ್ಲ ಎಂದಲ್ಲ. ಗೆರೆ ಎದೆಯುದ್ದ ಇದ್ದ ಮನೆಗಳವರು ಹೋದರು. ಹರೆಯದವರು ದನಕರುಗಳಿಗೆ ಮೇವಿರಲಿ ಎಂದು ಹೊಸ ಊರಿಗೆ ಹೋದರು. ಮಾದೇವನೂ ಎತ್ತು, ಹೆಂಡತಿ, ನೇಗಿಲು ಎಲ್ಲ ತೆಗೆದುಕೊಂಡು ಹೋದ. ಮನೆ ಕಾಯಲು ಉಳಿದವರು ಹಿರಿಯರು, ಇಪ್ಪತ್ತು ಇಪ್ಪತ್ತೆರಡು ಜನ. ನೀರು ಬಂದು ಹೋಗಲಿ, ಮನೆ ಸಾರಿಸಿ ಇಟ್ಟಿರುತ್ತೇವೆ, ಆಮೇಲೆ ಬನ್ನಿ ಎಂದು ಮಕ್ಕಳನ್ನು ಸಾಗಹಾಕಿದ್ದರು. ಅಕ್ಕ ಅವರಲ್ಲೊಬ್ಬಳು. ನನಗೆ ಊರು, ಸರ್ಕಾರ, ಕಟ್ಟೆ ಯಾವುದೂ ಬೇಡವಾಗಿತ್ತು. ಮಳೆ ಹಿಡಿಯುವ ಮುಂಚೆ ಅಕ್ಕ ಆ ಮನೆಯಿಂದ ಹೊರಗೆ ಬಂದರೆ ಸಾಕಾಗಿತ್ತು. ಅವಳ ಕಾಲು ಹಿಡಿದುಕೊಂಡೆ. ಅವಳು ನನ್ನ ತಲೆ ಸವರಿ ಎಣ್ಣೆ ಹಚ್ಚಿಕೊಂಡು ಎಷ್ಟು ದಿನವಾಯಿತೋ ಎಂದು ಕೇಳಿದಳು.

ಆಷಾಢದ ಕೊನೆಗೆ ನೀರು ಬಂತು. ಹೊಳೆಯ ಹಾಗೆ ಸದ್ದು ಮಾಡಿಕೊಂಡು ಬರಲಿಲ್ಲ. ದಿನಕ್ಕೊಂದು ಗೇಣು ಏರಿತು, ಸದ್ದಿಲ್ಲ, ಸೆಳೆತವಿಲ್ಲ. ಶ್ರಾವಣ ಹುಟ್ಟುವಾಗ ನನ್ನ ಗೆರೆಯ ಕೆಳ ಅಂಚಿಗೆ ಬಂದು ನಿಂತಿತು. ಓವರ್ಸೀಯರು ಹರಿಗೋಲಿನಲ್ಲಿ ಬಂದು ನೋಡಿ, ಒಂದು ಅಂಗುಲವೂ ತಪ್ಪಿಲ್ಲ ಎಂದು ನನ್ನ ಬೆನ್ನು ತಟ್ಟಿ, ಮುದುಕರಿಗೆಲ್ಲ ಕೈಮುಗಿದು ಬೇಡಿ ಹೋದರು. ಆ ತಟ್ಟಿದ ಜಾಗ ಬಹಳ ದಿನ ಉರಿಯಿತು.

ನಾನು ದಿನವೂ ಹರಿಗೋಲಿನಲ್ಲಿ ಹೋಗುತ್ತಿದ್ದೆ. ಅಕ್ಕ ಅಟ್ಟದ ಮೇಲಿದ್ದಳು. ಹುರಿಟ್ಟು, ಬೆಲ್ಲ, ಒಂದು ಗುಡಾಣ ನೀರು. ಗೋಡೆಯಾಚೆ ಜವರಯ್ಯನೂ ತನ್ನ ಅಟ್ಟದ ಮೇಲೆ. ಇಬ್ಬರೂ ಮಾಡಿನ ಸಂದಿಯಲ್ಲಿ ಮಾತಾಡಿಕೊಂಡು ದಿನ ಎಣಿಸುತ್ತಿದ್ದರು. ಐದಾಯಿತು. ಈ ಸಲ ಮಳೆ ಹೆಚ್ಚು, ಏಳು ದಿನ ಆದೀತು ಎಂದುಕೊಂಡರು. ಏಳಾಯಿತು. ಮಾಯಮ್ಮ ಮತ್ತು ಇನ್ನೂ ಎಂಟು ಜನ ಧೈರ್ಯ ಕೆಟ್ಟು ನಮ್ಮ ಹರಿಗೋಲು ಹತ್ತಿದರು. ಒಂಬತ್ತನೆಯ ದಿನ ನಾನು ಅಕ್ಕನ ಮನೆಯ ಗೋಡೆಯನ್ನು ನೀರಿನೊಳಗೆ ತಡವಿ ನೋಡಿದೆ. ಬೆರಳು ಒತ್ತಿದರೆ ಎರಡು ಗೆಣ್ಣು ಒಳಗೆ ಹೋಯಿತು. ಅಕ್ಕನನ್ನು ಕೆಳಗೆ ಇಳಿಸಿ ಅವಳ ಬೆರಳನ್ನೂ ಒತ್ತಿಸಿದೆ. ಹಿಂದಿನ ಪ್ರವಾಹದಲ್ಲೂ ಹೀಗೇ ಮೆತ್ತಗಾಗಿತ್ತು, ನೀರು ಇಳಿದ ಮೇಲೆ ಬಿಗಿಯಿತು ಎಂದಳು.

ಆಗ ನನಗೆ ತಲೆ ಕೆಟ್ಟಿತು. ಬಾಯಿ ಸೋತಿತ್ತು, ಬಣ್ಣ ಸೋತಿತ್ತು. ಇನ್ನು ಅವಳಿಗೆ ಅರ್ಥವಾಗುವ ಗುರುತು ಒಂದೇ ಉಳಿದಿತ್ತು.

ನಮ್ಮ ಕಡೆ ಊರು ಬಿಟ್ಟು ಹೋಗುವವರು ಹಳೆಯ ಮನೆಯ ಬಾಗಿಲುವಾಡವನ್ನು ಹೊಸ್ತಿಲು ಚೌಕಟ್ಟಿನ ಸಮೇತ ಕಿತ್ತು ಹೊಸ ಮನೆಗೆ ಒಯ್ಯುತ್ತಾರೆ. ಪೂಜೆ ಮಾಡಿ ನಿಲ್ಲಿಸಿದ್ದು ಅದು. ಅದಿದ್ದ ಕಡೆಗೇ ಮನೆ. ಬಾಗಿಲು ಕಿತ್ತ ಮನೆಯಲ್ಲಿ ಆಮೇಲೆ ಯಾರೂ ದೀಪ ಹಚ್ಚುವುದಿಲ್ಲ, ಒಂದು ರಾತ್ರಿ ಮಲಗುವುದೂ ಇಲ್ಲ. ಅದು ಸತ್ತ ಮನೆ. ಕಿತ್ತುಬಿಟ್ಟರೆ ಅಕ್ಕ ಹೊರಡಲೇಬೇಕು. ಮಾದೇವನನ್ನು ಕರೆತಂದೆ. ಅವನ ಕೈ ಆಡಲಿಲ್ಲ, ಹರಿಗೋಲಿನಲ್ಲೇ ತಲೆ ತಗ್ಗಿಸಿ ಕುಳಿತ. ನಾನೇ ಮಂಡಿ ನೀರಿನಲ್ಲಿ ನಿಂತು ಹಾರೆ ಹಾಕಿದೆ. ಅಕ್ಕ ಅಟ್ಟದಿಂದ ಬೇಡ ಕಣೋ ಎಂದಳು. ಇನ್ನೊಂದು ಸಲ ಹಾಕಿದೆ. ಬೈದಳು, ಅತ್ತಳು, ನನ್ನನ್ನು ಹೊತ್ತು ಸಾಕಿದ ಲೆಕ್ಕವನ್ನೆಲ್ಲ ಹೇಳಿದಳು. ಬಾಗಿಲುವಾಡ ಗೋಡೆಯಿಂದ ಬಿಟ್ಟಾಗ ನೆನೆದ ಮಣ್ಣು ಪಳಪಳನೆ ಉದುರಿ ನೀರು ಕೆಂಪಾಯಿತು. ಅವಳ ಮಾತು ಅಲ್ಲಿಗೆ ನಿಂತಿತು. ತಾನಾಗಿಯೇ ಇಳಿದು ಬಂದು, ಬಾಗಿಲಿಲ್ಲದ ಜಾಗವನ್ನು ದಾಟಿ, ಹರಿಗೋಲಿನಲ್ಲಿ ಮಗನಿಗೆ ಬೆನ್ನು ಹಾಕಿ ಕುಳಿತಳು.

ಜವರಯ್ಯನನ್ನೂ ಕರೆದೆ. ತನ್ನ ಬಾಗಿಲ ತಂಟೆಗೆ ಬಂದರೆ ಕೈ ಕತ್ತರಿಸುತ್ತೇನೆ ಎಂದ. ನಾಳೆ ಮತ್ತೆ ಬಂದು ಬೇಡಿಕೊಳ್ಳೋಣ ಎಂದು ಬಿಟ್ಟೆ.

ಮಾರನೆಯ ದಿನ ಮಧ್ಯಾಹ್ನ ಹೋದಾಗ ಎರಡೂ ಮನೆಗಳು ಇರಲಿಲ್ಲ. ನಡುವಿನ ಗೋಡೆ ಅವನ ಕಡೆಗೇ ಕುಸಿದು, ತೊಲೆ, ಹೆಂಚು, ಅಟ್ಟ ಎಲ್ಲ ಒಂದರ ಮೇಲೊಂದು ಕೂತಿದ್ದವು. ಉಳಿದವರು ಅಳುತ್ತ ಹರಿಗೋಲು ಹತ್ತಿದರು. ಒಬ್ಬರೂ ಹಟ ಮಾಡಲಿಲ್ಲ. ಜವರಯ್ಯನ ಹೆಣ ಎತ್ತಿ ದಡದಲ್ಲೇ ಮಣ್ಣು ಮಾಡಲು ನಮಗೆ ಎರಡು ದಿನ ಹಿಡಿಯಿತು. ಬೀದಿಯ ಬೇರೆ ಮನೆಗಳು ಇನ್ನೂ ನಾಲ್ಕು ದಿನ ನಿಂತಿದ್ದವು. ನೀರಿನಿಂದ ಬಿತ್ತೋ, ನನ್ನ ಹಾರೆಯಿಂದ ಬಿತ್ತೋ? ಯಾರೂ ನನ್ನನ್ನು ಕೇಳಲಿಲ್ಲ. ನಾನು ದಿನಕ್ಕೆ ಹತ್ತು ಸಲ ಕೇಳಿಕೊಳ್ಳುತ್ತೇನೆ. ಬಾಗಿಲು ಕಿತ್ತ ಗೋಡೆಗೆ ಆಧಾರ ತಪ್ಪುತ್ತದೆ ಎನ್ನುವುದು ಕೂಲಿಯವನಿಗೂ ಗೊತ್ತು. ಒಮ್ಮೊಮ್ಮೆ ಊಟಕ್ಕೆ ಕುಳಿತಾಗ ಅವನು ಮಾಡಿನ ಸಂದಿಯಿಂದ ಅಕ್ಕನನ್ನು ಕರೆಯುತ್ತಿದ್ದ ದನಿ ಕೇಳುತ್ತದೆ, ತಟ್ಟೆ ಸರಿಸಿ ಎದ್ದುಬಿಡುತ್ತೇನೆ.

ಹೊಸ ಊರಿನ ಮನೆಗೆ ಆ ಬಾಗಿಲುವಾಡವನ್ನೇ ಇಟ್ಟರು. ಅಕ್ಕ ಅದರೊಳಗಿಂದ ಓಡಾಡದೆ ಹಿತ್ತಲ ಬಾಗಿಲಿಂದಲೇ ಬಂದು ಹೋಗುತ್ತಿದ್ದಳು. ನಾನು ಹೋದರೆ ತಟ್ಟೆ ಇಡುತ್ತಿದ್ದಳು, ಮುದ್ದೆ ಹಾಕುತ್ತಿದ್ದಳು, ಎರಡನೆಯ ಸಲ ಸಾರು ಬಿಡಲೂ ಮರೆಯುತ್ತಿರಲಿಲ್ಲ. ಒಂದು ಮಾತು ಮಾತ್ರ ಇಲ್ಲ. ಶ್ರಾವಣದಿಂದ ವೈಶಾಖದವರೆಗೆ, ಒಂಬತ್ತು ತಿಂಗಳು. ನಾನು ಅವಳ ಜೀವ ಉಳಿಸಿದ್ದೆ ಎಂದು ನನಗೆ ಗೊತ್ತಿತ್ತು. ಅದನ್ನು ಅವಳಿಗೆ ತಿಳಿಸುವ ದಾರಿ ನನ್ನಲ್ಲಿರಲಿಲ್ಲ.

ವೈಶಾಖದಲ್ಲಿ ಒಂದು ದಿನ ಮಾದೇವ ಓಡಿಬಂದ. ಅವ್ವ ಬೆಳಿಗ್ಗೆಯಿಂದ ಕಾಣುತ್ತಿಲ್ಲ ಎಂದ. ಹಳೆಯ ಊರಿನ ಕಡೆ ಹೋದುದನ್ನು ದನ ಕಾಯುವವರು ನೋಡಿದ್ದರಂತೆ. ಇಬ್ಬರೂ ಬಿದ್ದಂಬೀಳ ಓಡಿದೆವು. ಬೋರೆ ಇಳಿದಾಗ ನನ್ನ ಕಾಲು ತಾನಾಗಿಯೇ ನಿಂತಿತು. ನೀರಿರಲಿಲ್ಲ. ಕಟ್ಟೆಯಿಂದಾಚೆಯ ಗದ್ದೆಗಳಿಗೆಲ್ಲ ಹರಿದು, ಬಿಸಿಲಿಗೆ ಸೊರಗಿ, ನೀರು ದೂರದಲ್ಲಿ ಹಳೆಯ ಹೊಳೆಯಷ್ಟೇ ಆಗಿ ಉಳಿದಿತ್ತು. ತೊರೆಕೊಪ್ಪಲಿನ ದಿಣ್ಣೆ ಒಣಗಿ ಬಿರುಕು ಬಿಟ್ಟಿತ್ತು. ಬೀದಿ ಇದ್ದ ಕಡೆ ಮಣ್ಣಿನ ಗುಡ್ಡೆಗಳು.

ಕಟ್ಟೆಯ ನೀರು ಬೇಸಿಗೆಯಲ್ಲಿ ಇಳಿಯುತ್ತದೆಂದು ಯಾರೂ ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಚಾವಡಿಯ ಗೋಡೆಯ ಮೇಲೆ ವೈಶಾಖಕ್ಕೂ ಜ್ಯೇಷ್ಠಕ್ಕೂ ಮಂಡಿಯೆತ್ತರ ನೀರು ಬರೆದಿದ್ದೆನಲ್ಲ, ಅದು ಶುದ್ಧ ಸುಳ್ಳು. ಹನ್ನೆರಡು ಮನೆ ಬರೆಯುವ ಉತ್ಸಾಹದಲ್ಲಿ ಓವರ್ಸೀಯರನ್ನು ಒಂದು ಮಾತು ಕೇಳುವ ವ್ಯವಧಾನ ನನಗಿರಲಿಲ್ಲ. ಇನ್ನು ನನ್ನ ಯಾವ ಮಾತನ್ನು ಅವಳು ನಂಬಬೇಕು?

ಅಕ್ಕ ತನ್ನ ಮನೆಯ ಗುಡ್ಡೆಯ ಮೇಲಿದ್ದಳು. ಹೆಂಚಿನ ಚೂರುಗಳನ್ನು ಆರಿಸಿ ಒಂದು ಕಡೆ ರಾಶಿ ಹಾಕಿದ್ದಳು. ಮೂಲೆಯಲ್ಲಿ ಸ್ವಲ್ಪ ಮಣ್ಣು ಅಗೆದು, ದೂರದಿಂದ ಬಿಂದಿಗೆಯಲ್ಲಿ ನೀರು ಹೊತ್ತು ತಂದು ಸುರಿದು, ಸೀರೆ ಎತ್ತಿ ಕಟ್ಟಿ, ಗೋಡೆ ಇಡುವುದಕ್ಕೆ ಕೆಸರು ತುಳಿಯುತ್ತಿದ್ದಳು. ಬಿಸಿಲಿಗೆ ಮುಖ ಕಂದಿತ್ತು. ನನ್ನನ್ನು ಕಂಡಳು.

"ಇಳೀತಲ್ಲೋ," ಎಂದಳು. ಒಂಬತ್ತು ತಿಂಗಳ ಮೇಲೆ ಅವಳು ಆಡಿದ ಮೊದಲ ಮಾತು. ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅಕ್ಕ, ಆಷಾಢಕ್ಕೆ ಮತ್ತೆ ಬರುತ್ತದೆ, ಪ್ರತಿ ವರ್ಷವೂ ಬರುತ್ತದೆ ಎಂದೆ. ಮಾದೇವನೂ ಹೇಳಿದ. ಅವಳು ತುಳಿಯುವುದನ್ನು ನಿಲ್ಲಿಸಲಿಲ್ಲ.

"ಬರ್ಲಿ ಬುಡು. ಬತ್ತದೆ, ಓಯ್ತದೆ. ಮಾದೇವಾ, ಗಾಡಿ ಕಟ್ಕೊಂಡೋಗಿ ಬಾಗ್ಲುವಾಡ ತಂದ್ಬುಡು. ಜವರಣ್ಣನ ಕಡೆ ಗೋಡೇನ ಮೊದ್ಲು ಎಬ್ಬುಸ್ಬೇಕು, ಅವ್ನು ಬಂದ್ರೆ ಒರಗಾಕೆ ಜಾಗ ಇಲ್ಲ."

ಮಾದೇವ ನನ್ನ ಮುಖ ನೋಡಿದ. ನನ್ನ ಕೈಯಲ್ಲಿ ಸುಣ್ಣವಿರಲಿಲ್ಲ, ಕೆಮ್ಮಣ್ಣಿರಲಿಲ್ಲ, ಇದ್ದಿದ್ದರೂ ಬರೆಯುವುದಕ್ಕೆ ಒಂದು ಗೋಡೆ ಇರಲಿಲ್ಲ. ಜವರಯ್ಯ ಸತ್ತದ್ದನ್ನು ಅವಳಿಗೆ ಹೇಳಿದ್ದವನೂ ನಾನೇ. ಅದನ್ನೂ ಅವಳು ನಂಬಿರಲಿಲ್ಲ. ಪಂಚೆ ಎತ್ತಿ ಕಟ್ಟಿಕೊಂಡು, ಕೆಸರಿಗೆ ಇಳಿದು ಅವಳ ಪಕ್ಕದಲ್ಲಿ ನಾನೂ ತುಳಿಯತೊಡಗಿದೆ. ಇನ್ನೊಂದಿಷ್ಟು ನೀರು ಬೇಕು, ಹೋಗಿ ತಾ ಎಂದಳು. ಬಿಂದಿಗೆ ತೆಗೆದುಕೊಂಡು ಹೋದೆ.